ಕರುಳಿನ ಅಂಟು

ಕನ್ನಡದಲ್ಲಿ ಹೊಟ್ಟೆಗೆ ಇರುವಷ್ಟು ಕೆಲಸ ದೇಹದ ಇನ್ನಾವ ಭಾಗಕ್ಕೂ ಇದ್ದಂತೆ ಕಾಣುವುದಿಲ್ಲ. ಜೀವನೋಪಾಯಕ್ಕೆ ನಾವು ಹೊಟ್ಟೆಪಾಡು ಎನ್ನುತ್ತೇವೆ. ಮತ್ಸರಕ್ಕೆ ಹೊಟ್ಟೆಕಿಚ್ಚು ಎನ್ನುತ್ತೇವೆ. ತಪ್ಪನ್ನು ಮನ್ನಿಸಿರೆಂದು ಬೇಡುವಾಗ ಹೊಟ್ಟೆಗೆ ಹಾಕಿಕೊಳ್ಳಿ ಎನ್ನುತ್ತೇವೆ. ಮಕ್ಕಳು ನಮಗೆ ಕರುಳಿನ ಕುಡಿಗಳು. ಪರರ ದುಃಖವನ್ನು ಕಂಡಾಗ ಚುರುಕ್ಕೆನ್ನುವುದೂ ಕರುಳೇ. ಸಿಟ್ಟಿಗೆದ್ದವನಿಗೆ ಪಿತ್ತ ನೆತ್ತಿಗೇರಿತೆಂದು ಹೇಳಿ ಸುಮ್ಮನಾಗುತ್ತೇವೆ. ಹೀಗೆ ಮನಸ್ಸಿನ ವ್ಯಾಪಾರಗಳನ್ನೆಲ್ಲ ಹೊಟ್ಟೆಯ ಲೆಕ್ಕಕ್ಕೆ ಬರೆದಿಟ್ಟಿರುವ ನಮ್ಮ ಜನ, ಹೊಟ್ಟೆಯೇ ನಿಜವಾಗಿ ನೊಂದಾಗ ಮಾತ್ರ ಬಹಳ ಮಿತಭಾಷಿಗಳಾಗಿಬಿಡುತ್ತಾರೆ. ‘ಏನಿಲ್ಲ, ಸ್ವಲ್ಪ ಗ್ಯಾಸ್ಟ್ರಿಕ್’ ಎಂಬ ಒಂದು ಮಾತಿನಲ್ಲಿ ಪ್ರಕರಣ ಮುಗಿದುಹೋಗುತ್ತದೆ.

ಇಂದು ನಾನು ಹೇಳಹೊರಟಿರುವುದು ಹಾಗೆ ಮುಗಿಸಲಾಗದ ಎರಡು ತೊಂದರೆಗಳ ವಿಚಾರ. ಒಂದು, ಪಿತ್ತಕೋಶದಲ್ಲಿ ಕಲ್ಲಾಗುವುದು. ಇನ್ನೊಂದು, ಹಿಂದೆ ಎಂದೋ ಆದ ಶಸ್ತ್ರಕ್ರಿಯೆಯ ಫಲವಾಗಿ ಹೊಟ್ಟೆಯೊಳಗೆ ಕರುಳುಗಳು ಒಂದಕ್ಕೊಂದು ಅಂಟಿಕೊಳ್ಳುವುದು. ಎರಡೂ ಲೋಕಸಾಮಾನ್ಯವಾದವುಗಳೇ. ಆದರೆ ಇವೆರಡೂ ಒಂದೇ ಹೊಟ್ಟೆಯಲ್ಲಿ ಸೇರಿ, ಆ ಹೊಟ್ಟೆಯ ಒಡತಿ ಭಟ್ಕಳ, ಹೊನ್ನಾವರ, ಕುಮಟಾಗಳ ನಡುವೆ ಎಲ್ಲಿಯೋ ವಾಸವಾಗಿದ್ದರೆ, ಆಗ ವಿಷಯ ಸ್ವಲ್ಪ ಯೋಚಿಸತಕ್ಕದ್ದಾಗುತ್ತದೆ. ನಾನು ವೈದ್ಯನಲ್ಲ, ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. ಹೊನ್ನಾವರದ ಆಚೆ ಶರಾವತಿಯ ದಂಡೆಯ ಹಳ್ಳಿಯಲ್ಲಿರುವ ನನ್ನ ಅಕ್ಕನೊಂದಿಗೆ ಆಸ್ಪತ್ರೆಗಳ ಬಾಗಿಲಲ್ಲಿ ಕುಳಿತು ಕೇಳಿದ್ದು, ಆಮೇಲೆ ಓದಿ ತಿಳಿದದ್ದು, ಇಷ್ಟೇ ನನ್ನ ಬಂಡವಾಳ.

ಮೊದಲು ಪಿತ್ತಕೋಶವೆಂದರೆ ಏನೆಂಬುದನ್ನು ನೋಡೋಣ. ನಮ್ಮ ಯಕೃತ್ತು ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ಸ್ರವಿಸುತ್ತದೆ. ಅದರ ಒಂದಂಶವನ್ನು ಹಿಡಿದಿಟ್ಟು, ಗಟ್ಟಿಗೊಳಿಸಿ, ಜಿಡ್ಡಿನ ಪದಾರ್ಥ ಹೊಟ್ಟೆಗೆ ಬಿದ್ದಾಗ ಕರುಳಿಗೆ ಬಿಡುವ ಪುಟ್ಟ ಚೀಲವೇ ಪಿತ್ತಕೋಶ. ಅದರಲ್ಲಿ ಹಿಡಿಯುವುದು ಮೂವತ್ತರಿಂದ ಐವತ್ತು ಮಿಲಿಲೀಟರ್ ಮಾತ್ರ. ರಸದೊಳಗಿನ ಕೊಲೆಸ್ಟರಾಲೋ ವರ್ಣದ್ರವ್ಯವೋ ಹದ ತಪ್ಪಿ ಹರಳುಗಟ್ಟಿದಾಗ ಅಲ್ಲಿ ಕಲ್ಲು ಬೆಳೆಯುತ್ತದೆ. ಹೊನ್ನಾವರದ ಮೀನುಗಾರರಿಗೆ ಇದನ್ನು ವಿವರಿಸುವುದು ಸುಲಭ. ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಹೂಳು ತುಂಬಿದಾಗ ದೋಣಿ ಒಳಗೂ ಬರಲಾರದೆ ಹೊರಗೂ ಹೋಗಲಾರದೆ ತೊಳಲಾಡುವುದನ್ನು ಅವರು ಕಂಡವರು. ಪಿತ್ತಕೋಶದ ಅಳಿವೆಯಲ್ಲಿ ಕಲ್ಲು ಬಂದು ಕುಳಿತಾಗ ಆಗುವುದೂ ಅದೇ. ಚೀಲ ಹಿಂಡುತ್ತದೆ, ದಾರಿ ಬಿಡದು, ಮನುಷ್ಯ ಹೊರಳಾಡುತ್ತಾನೆ.

ಆ ನೋವಿಗೆ ಒಂದು ಸ್ವಭಾವವಿದೆ. ಭಟ್ಕಳದ ಮದುವೆಯ ಮನೆಯಲ್ಲಿ ಬಿರಿಯಾನಿ ಉಂಡ ರಾತ್ರಿಯೋ, ಉಪನಯನದ ಊಟದಲ್ಲಿ ತುಪ್ಪದ ಹೋಳಿಗೆ ಮೆಲಿದ ರಾತ್ರಿಯೋ ಅದು ಬರುತ್ತದೆ. ಬಲಪಕ್ಕೆಯ ಕೆಳಗೋ ಎದೆಗುಂಡಿಗೆಯ ಬುಡದಲ್ಲೋ ಹುಟ್ಟಿ, ಬೆನ್ನಿಗೆ, ಬಲಭುಜದ ಎಲುಬಿಗೆ ಹಬ್ಬುತ್ತದೆ. ಕೆಲವು ಗಂಟೆ ಪೀಡಿಸಿ, ಬಂದಂತೆಯೇ ಹೊರಟುಹೋಗುತ್ತದೆ. ಹೊರಟುಹೋಗುವುದರಿಂದಲೇ ನಾವು ಮೋಸಹೋಗುತ್ತೇವೆ. ಬೆಳಿಗ್ಗೆ ಜೀರಿಗೆ ಕಷಾಯ ಕುಡಿದು, ಮುರುಗಲ ಸಾರು ಉಂಡು, ಕಷಾಯದಿಂದಲೇ ಗುಣವಾಯಿತೆಂದು ನಂಬುತ್ತೇವೆ. ಕಷಾಯದ ಮೇಲೆ ನನಗೆ ಯಾವ ದ್ವೇಷವೂ ಇಲ್ಲ; ಕಲ್ಲನ್ನು ಕರಗಿಸುವ ಕೆಲಸವನ್ನು ಮಾತ್ರ ಅದಕ್ಕೆ ವಹಿಸಬಾರದು. ಇನ್ನೊಂದು ಮಾತನ್ನೂ ಹೇಳಬೇಕು. ಕಲ್ಲಿದ್ದ ಮಾತ್ರಕ್ಕೆ ಎಲ್ಲರೂ ಕೊಯ್ಯಿಸಿಕೊಳ್ಳಬೇಕಾಗಿಲ್ಲ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಕಂಡುಬರುವ, ಎಂದೂ ನೋಯಿಸದ ಕಲ್ಲುಗಳು ಬಹಳ. ಅವುಗಳನ್ನು ಸಾಮಾನ್ಯವಾಗಿ ಅವುಗಳ ಪಾಡಿಗೆ ಬಿಡುವುದೇ ರೂಢಿ. ನೋಯಿಸತೊಡಗಿದ ಕಲ್ಲು ಬೇರೆ; ಅದು ಮತ್ತೆ ಮತ್ತೆ ನೋಯಿಸುತ್ತದೆ.

ಪಿತ್ತಕೋಶವನ್ನು ಇಡಿಯಾಗಿ ತೆಗೆದುಹಾಕಬಹುದೆಂದು ಮೊದಲು ತೋರಿಸಿದವನು ಬರ್ಲಿನ್ನಿನ ಶಸ್ತ್ರವೈದ್ಯ ಕಾರ್ಲ್ ಲಾಂಗೆನ್‌ಬುಕ್. 1882ರ ಜುಲೈ 15ರಂದು, ಹದಿನಾರು ವರ್ಷಗಳಿಂದ ನೋವುಂಡಿದ್ದ ನಲವತ್ಮೂರು ವಯಸ್ಸಿನ ರೋಗಿಯೊಬ್ಬನ ಪಿತ್ತಕೋಶವನ್ನು ಆತ ಹೊರತೆಗೆದ. ಅಲ್ಲಿಯವರೆಗೆ ವೈದ್ಯರು ಚೀಲವನ್ನು ಸೀಳಿ ಕಲ್ಲನ್ನಷ್ಟೇ ತೆಗೆಯುತ್ತಿದ್ದರು. ಲಾಂಗೆನ್‌ಬುಕ್ಕನ ತರ್ಕ ಸರಳವಾದದ್ದು: ಕಲ್ಲು ಬೆಳೆಯುವ ಗದ್ದೆಯನ್ನೇ ಬಿಟ್ಟು ಬೆಳೆಯನ್ನು ಮಾತ್ರ ಕೊಯ್ದರೆ ಮರುವರ್ಷ ಮತ್ತೆ ಬೆಳೆ ಬರುತ್ತದೆ. ನೂರು ವರ್ಷ ಕಳೆದ ಮೇಲೆ ಜರ್ಮನಿಯವನೇ ಆದ ಎರಿಚ್ ಮ್ಯೂಹೆ, 1985ರಲ್ಲಿ, ಹೊಟ್ಟೆಯನ್ನು ಉದ್ದಕ್ಕೆ ಸೀಳದೆ ಸಣ್ಣ ರಂಧ್ರಗಳಿಂದ ನಳಿಗೆಗಳನ್ನಿಳಿಸಿ ಅದೇ ಕೆಲಸ ಮಾಡಿದ. ಸಹೋದ್ಯೋಗಿಗಳು ಅದನ್ನು ಒಪ್ಪಲಿಲ್ಲ. ಅವನ ನಾಡಿನ ಶಸ್ತ್ರವೈದ್ಯರ ಸಂಘವೇ ಅವನನ್ನು ಗೌರವಿಸಿದ್ದು 1992ರಲ್ಲಿ. ನಮ್ಮ ದೇಶದಲ್ಲಿ ಲ್ಯಾಪರೊಸ್ಕೋಪಿನಿಂದ ಪಿತ್ತಕೋಶವನ್ನು ತೆಗೆದ ಮೊದಲಿಗರು ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯಾ, ಅದು 1990ರಲ್ಲಿ, ಸರ್ಕಾರದ ಜೆ. ಜೆ. ಆಸ್ಪತ್ರೆಯಲ್ಲಿ. ಕೂಲಿಮಾಡಿ ಬದುಕುವವನಿಗೇ ಈ ವಿಧಾನ ಹೆಚ್ಚು ಬೇಕು, ಏಕೆಂದರೆ ಅವನು ಬೇಗ ಕೆಲಸಕ್ಕೆ ಮರಳಬೇಕಾದವನು ಎಂಬುದು ಅವರು ಜೀವಮಾನವಿಡೀ ಹಿಡಿದುಕೊಂಡು ಬಂದ ವಾದ. ಇಂದು ಈ ಶಸ್ತ್ರಕ್ರಿಯೆ ತಾಲ್ಲೂಕು ಮಟ್ಟದ ಊರುಗಳಲ್ಲೂ ನಡೆಯುತ್ತದೆ. ಮೂರು ನಾಲ್ಕು ಸಣ್ಣ ಗಾಯ, ಒಂದೆರಡು ದಿನ ಹಾಸಿಗೆ, ಆಮೇಲೆ ಮನೆ.

ಇನ್ನು ಎರಡನೆಯ ವಿಷಯ, ಅಂಟು. ಹೊಟ್ಟೆಯ ಒಳಗೋಡೆಗೂ ಕರುಳುಗಳಿಗೂ ನುಣುಪಾದ ಒಂದು ಪೊರೆಯ ಹೊದಿಕೆಯಿದೆ. ಆ ನುಣುಪಿನಿಂದಲೇ ಹಲವು ಮೀಟರ್ ಉದ್ದದ ಕರುಳು ಅಷ್ಟು ಸಣ್ಣ ಜಾಗದಲ್ಲಿ ಸಿಕ್ಕಾಗದೆ ಚಲಿಸುತ್ತಿರುತ್ತದೆ. ಕತ್ತರಿ ತಾಗಿದಾಗ, ಕೀವಾದಾಗ, ರಕ್ತ ಸೋರಿದಾಗ ಆ ಪೊರೆ ಗಾಯಗೊಳ್ಳುತ್ತದೆ. ಗಾಯವನ್ನು ಮಾಯಿಸಲು ದೇಹ ಮೊದಲು ಒಂದು ಬಗೆಯ ಅಂಟನ್ನು ಬಳಿಯುತ್ತದೆ. ಕೆಲಸ ಮುಗಿದ ಮೇಲೆ ಅಂಟು ಕರಗಬೇಕು. ಕರಗದೆ ಉಳಿದಲ್ಲಿ ಅದು ನಾರಾಗಿ, ಪಟ್ಟಿಯಾಗಿ, ಕರುಳನ್ನು ಕರುಳಿಗೆ, ಕರುಳನ್ನು ಗೋಡೆಗೆ ಬಿಗಿದುಬಿಡುತ್ತದೆ. ಕರುಳುಗಳ ಮುಂದೆ ಕೊಬ್ಬಿನ ಪರದೆಯೊಂದು ಇಳಿಬಿದ್ದಿದೆ. ಸಂಸ್ಕೃತದಲ್ಲಿ ಅದಕ್ಕೆ ವಪೆ ಎಂದು ಹೆಸರು. ಶಸ್ತ್ರವೈದ್ಯರು ಅದನ್ನು ಹೊಟ್ಟೆಯ ಪೊಲೀಸ್ ಎಂದು ಕರೆಯುವುದುಂಟು. ಎಲ್ಲಿ ಗಲಭೆಯೋ ಅಲ್ಲಿಗೆ ಅದು ಹೋಗಿ ಕಾವಲು ನಿಲ್ಲುತ್ತದೆ. ಗಲಭೆ ಮುಗಿದ ಮೇಲೂ ಹಲವೊಮ್ಮೆ ಹಿಂದಿರುಗುವುದಿಲ್ಲ.

ಹೊಟ್ಟೆಯನ್ನು ತೆರೆದು ಮಾಡಿದ ಶಸ್ತ್ರಕ್ರಿಯೆಯಾದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಇಂಥ ಅಂಟು ಒಂದಿಷ್ಟಾದರೂ ಇರುತ್ತದೆಂದು ಹೇಳುತ್ತಾರೆ. ಅವರಲ್ಲಿ ಬಹುಪಾಲು ಜನ ಅದರ ಅರಿವೇ ಇಲ್ಲದೆ ಬಾಳಿ ಮುಗಿಸುತ್ತಾರೆ. ಕೆಲವರಿಗೆ ಮಾತ್ರ ಕರುಳು ಮಡಚಿಕೊಂಡು ದಾರಿ ಮುಚ್ಚುತ್ತದೆ. ಅದು ಪ್ರಾಣಾಪಾಯದ ಸ್ಥಿತಿ. ಇನ್ನು ಕೆಲವರಿಗೆ ಎಳೆದಂತೆ, ಜಗ್ಗಿದಂತೆ ಸದಾ ಒಂದು ನೋವು. ಈ ಅಂಟು ಸ್ಕ್ಯಾನಿನಲ್ಲಿ ಸುಲಭವಾಗಿ ಕಾಣುವುದಿಲ್ಲ. ಆದುದರಿಂದ ‘ರಿಪೋರ್ಟಿನಲ್ಲಿ ಏನೂ ಇಲ್ಲ’ ಎಂಬ ಮಾತನ್ನು ಕೇಳಿ ಕೇಳಿ, ತನ್ನ ನೋವು ಸುಳ್ಳೇನೋ ಎಂದು ರೋಗಿಗೇ ಅನುಮಾನ ಹುಟ್ಟುತ್ತದೆ.

ಹಾಗಾದರೆ ಅಂಟನ್ನು ಬಿಡಿಸಿಬಿಟ್ಟರಾಯಿತಲ್ಲ ಎಂದು ಯಾರಿಗಾದರೂ ತೋರುತ್ತದೆ. ಇಲ್ಲಿಯೇ ಪ್ರಕೃತಿಯ ಒಂದು ಕುಹಕವಿದೆ. ಅಂಟನ್ನು ಬಿಡಿಸುವುದೂ ಒಂದು ಶಸ್ತ್ರಕ್ರಿಯೆ. ಅದೂ ಒಂದು ಗಾಯ. ಆ ಗಾಯ ಮತ್ತೆ ಅಂಟನ್ನು ಹುಟ್ಟಿಸುತ್ತದೆ. ಬಿಡಿಸುವಾಗ ಕರುಳಿಗೇ ತೂತು ಬೀಳಬಹುದು. ಹಾಲೆಂಡಿನ ವೈದ್ಯರು ಬಹುಕಾಲದ ಹೊಟ್ಟೆನೋವಿನ ನೂರು ರೋಗಿಗಳನ್ನು ಆರಿಸಿ, ಕೆಲವರ ಹೊಟ್ಟೆಯಲ್ಲಿ ಅಂಟನ್ನು ಬಿಡಿಸಿ, ಉಳಿದವರಲ್ಲಿ ನಳಿಗೆ ಇಳಿಸಿ ನೋಡಿ ಹಾಗೆಯೇ ಮುಚ್ಚಿದರು. ರೋಗಿಗಳಿಗೆ ಯಾರಿಗೆ ಯಾವುದಾಯಿತೆಂದು ತಿಳಿಸಲಿಲ್ಲ. 2003ರಲ್ಲಿ ಪ್ರಕಟವಾದ ಆ ಪ್ರಯೋಗದ ಫಲ ಕುತೂಹಲಕರವಾದದ್ದು. ಎರಡು ಗುಂಪಿನವರಿಗೂ ನೋವು ಕಡಿಮೆಯಾಗಿತ್ತು. ಬಿಡಿಸಿಕೊಂಡವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಆದುದರಿಂದ ಕರುಳಿನ ದಾರಿ ಮುಚ್ಚಿದಾಗ ಅಂಟನ್ನು ಕತ್ತರಿಸಬೇಕಾದೀತು. ನೋವೊಂದಕ್ಕಾಗಿಯೇ ಕತ್ತರಿಸುವ ಮುಂಚೆ ಬಹಳ ಹಿಂದುಮುಂದು ನೋಡಬೇಕು. ಅಂಟು ಆಗದಂತೆ ತಡೆಯುವುದೇ ಮೇಲೆಂದು ಬಲ್ಲವರು ಹೇಳುತ್ತಾರೆ. ಕೈಗವಸಿನೊಳಗೆ ಹಾಕುತ್ತಿದ್ದ ಪುಡಿಯಿಂದಲೂ ಅಂಟಾಗುತ್ತದೆ; ಅಮೆರಿಕದಲ್ಲಿ ಪುಡಿ ಹಾಕಿದ ಕೈಗವಸುಗಳನ್ನು 2016ರ ಕೊನೆಯಲ್ಲಿ ನಿಷೇಧಿಸಿದ್ದಕ್ಕೆ ಇದೂ ಒಂದು ಕಾರಣ.

ಈಗ ನನ್ನ ಅಕ್ಕನ ವಿಷಯಕ್ಕೆ ಬರುತ್ತೇನೆ. ಆಕೆಗೆ 1994ರಲ್ಲಿ ಅಪೆಂಡಿಕ್ಸ್ ಒಡೆದು ಹೊಟ್ಟೆಯ ತುಂಬ ಕೀವಾಗಿತ್ತು. ಜೀವ ಉಳಿಯಿತು. ಎರಡು ವರ್ಷದ ಮೇಲೆ ಕರುಳು ಮಡಚಿಕೊಂಡು ಮತ್ತೆ ಹೊಟ್ಟೆ ತೆರೆಯಬೇಕಾಯಿತು. ಅಲ್ಲಿಂದ ಮುಂದೆ ಕಾಲು ಶತಮಾನ ಆಕೆ ಗದ್ದೆ, ತೋಟ, ಮೊಮ್ಮಕ್ಕಳು ಎಂದು ನೆಮ್ಮದಿಯಾಗಿಯೇ ಇದ್ದಳು. 2022ರ ಮಳೆಗಾಲ ಮುಗಿಯುವ ಹೊತ್ತಿಗೆ ಬಲಪಕ್ಕೆಯ ನೋವು ಆರಂಭವಾಯಿತು. ಕುಮಟೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಪಿತ್ತಕೋಶದ ತುಂಬ ಕಲ್ಲು, ಗೋಡೆ ದಪ್ಪವಾಗಿದೆ ಎಂದರು.

ಅಲ್ಲಿಯ ಶಸ್ತ್ರವೈದ್ಯರು ಅಕ್ಕನ ಹೊಟ್ಟೆಯ ಮೇಲಿನ ಹಳೆಯ ಗುರುತುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: “ಅಮ್ಮಾ, ಪಿತ್ತಕೋಶ ತೆಗೆಯುವ ಕೆಲಸವನ್ನು ನಾನು ವಾರ ವಾರವೂ ಮಾಡುತ್ತೇನೆ. ನಿಮ್ಮದು ಮಾತ್ರ ಇಲ್ಲಿ ಬೇಡ. ಕಲ್ಲಿನ ಭಯವಲ್ಲ, ಕಲ್ಲಿನವರೆಗೆ ಹೋಗುವ ದಾರಿಯ ಭಯ. ಒಳಗೆ ಕರುಳೆಲ್ಲ ಅಂಟಿರಬಹುದು. ನಡುವೆ ಇನ್ನೊಬ್ಬ ಸರ್ಜನ್ ಬೇಕೆನಿಸಿದರೆ, ರಾತ್ರಿ ರಕ್ತ ಬೇಕಾದರೆ, ನಾಲ್ಕು ದಿನ ತೀವ್ರ ನಿಗಾ ಬೇಕಾದರೆ, ನಾನು ಯಾರನ್ನು ಕರೆಯಲಿ?”

ಊರಿನಲ್ಲಿ ಈ ಮಾತಿಗೆ ಬೇರೆಯೇ ಅರ್ಥ ಹುಟ್ಟಿತು. ಡಾಕ್ಟರಿಗೆ ಕೈ ನಡುಗಿತೆಂದರು ಕೆಲವರು. ಅಕ್ಕ ಮಾತ್ರ, “ತಮ್ಮಾ, ಅವರು ಬಾರದು ಎನ್ನಲಿಲ್ಲ, ಬೇಡ ಎಂದರು. ಎರಡೂ ಒಂದೇ ಅಲ್ಲ” ಎಂದಳು. ಅಕ್ಷರ ಹೆಚ್ಚು ಕಲಿಯದ ಆಕೆ ಮಾಡಿದ ಈ ಪದವಿಭಾಗವನ್ನು ವ್ಯಾಕರಣ ಕಲಿಸಿದ ನಾನು ಮೆಚ್ಚಿಕೊಂಡೆ. ತನ್ನ ಹಣದ ಲಾಭವನ್ನೂ ಹೆಸರನ್ನೂ ಬದಿಗಿಟ್ಟು ‘ಇಲ್ಲಿ ಬೇಡ’ ಎನ್ನಬಲ್ಲ ವೈದ್ಯನಿಂದಲೇ ಸಣ್ಣ ಊರಿನ ಆರೋಗ್ಯ ನಿಂತಿದೆ.

ಆದರೆ ಇಲ್ಲಿ ಬೇಡವಾದರೆ ಎಲ್ಲಿ? ನಮ್ಮ ಕರಾವಳಿಯ ಮೂಲಪ್ರಶ್ನೆ ಇದೇ. ದಕ್ಷಿಣಕ್ಕೆ, ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ವೈದ್ಯಕೀಯ ಕಾಲೇಜನ್ನು ತೆರೆದ ಮಣಿಪಾಲವಿದೆ, ಅದರಾಚೆ ಮಂಗಳೂರಿದೆ. ಉತ್ತರಕ್ಕೆ ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಇನ್ನೂ ಮುಂದೆ ಗೋವೆಯ ಬಾಂಬೋಳಿ. ಪೂರ್ವಕ್ಕೆ ಘಟ್ಟ ಹತ್ತಿದರೆ ಹುಬ್ಬಳ್ಳಿ. ಭಟ್ಕಳದವನಿಗೆ ಮಣಿಪಾಲ ಸುಮಾರು ತೊಂಬತ್ತು ಕಿಲೋಮೀಟರ್. ಕುಮಟೆಯವನಿಗೆ ಸುಮಾರು ನೂರೈವತ್ತು. ಸೇತುವೆಗಳಿಲ್ಲದ ಕಾಲದಲ್ಲಿ ಅಘನಾಶಿನಿ, ಶರಾವತಿಗಳನ್ನು ದೋಣಿಯಲ್ಲಿ ದಾಟಿಸಬೇಕಿದ್ದ ರೋಗಿಯನ್ನು ನೆನೆದರೆ, 1998ರಿಂದ ಕೊಂಕಣ ರೈಲೂ ಓಡುತ್ತಿರುವ ನಾವು ಪುಣ್ಯವಂತರು. ಆದರೂ ದಾರಿ ದಾರಿಯೇ.

ಈ ದಾರಿಯ ಎರಡು ತುದಿಯಲ್ಲಿ ಒಂದೇ ಹೆಸರಿನ ಎರಡು ಊರುಗಳಿರುವುದು ಒಂದು ವಿಚಿತ್ರ. ಭಟ್ಕಳ ದಾಟಿ ಬೈಂದೂರಿಗೆ ಹೋಗುವಾಗ ಒಂದು ಶಿರೂರು. ಕುಮಟೆ ದಾಟಿ ಅಂಕೋಲೆಗೆ ಹೋಗುವಾಗ ಇನ್ನೊಂದು ಶಿರೂರು. 2022ರ ಜುಲೈ 20ರಂದು, ಹೊನ್ನಾವರದಿಂದ ರೋಗಿಯೊಬ್ಬರನ್ನು ದಕ್ಷಿಣಕ್ಕೆ ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮೊದಲನೆಯ ಶಿರೂರಿನ ಟೋಲ್ ಗೇಟಿನಲ್ಲಿ ಮಳೆಯ ನೀರಿಗೆ ಜಾರಿ ಉರುಳಿ ನಾಲ್ವರು ಮಡಿದರು. 2024ರ ಜುಲೈ 16ರಂದು ಎರಡನೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಕಾರವಾರಕ್ಕೆ ಹೋಗುವ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಒಂದು ಮಳೆಗಾಲದಲ್ಲಿ ದಕ್ಷಿಣದ ದಾರಿ ಬಲಿ ಕೇಳಿತು. ಇನ್ನೊಂದು ಮಳೆಗಾಲದಲ್ಲಿ ಉತ್ತರದ ದಾರಿಯೇ ಇಲ್ಲವಾಯಿತು. ಜಿಲ್ಲೆಗೊಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು 2019ರಿಂದಲೂ ಕೇಳುತ್ತಿದ್ದ ಜನರ ದನಿ ಆ ಆಂಬುಲೆನ್ಸ್ ಅಪಘಾತದ ಬಳಿಕ ಗಟ್ಟಿಯಾದದ್ದು ಸಹಜವೇ.

ಅಕ್ಕ ಆ ಅಪಘಾತದ ಸುದ್ದಿಯನ್ನು ಚೆನ್ನಾಗಿ ಬಲ್ಲಳು. “ಹೊಟ್ಟೆಯ ಭಯಕ್ಕಿಂತ ನನಗೆ ದಾರಿಯ ಭಯ” ಎಂದಳು. ನೋವು ಬಂದಾಗ ನೋಡೋಣ ಎಂಬುದು ಅವಳ ಮೊದಲ ತೀರ್ಮಾನ. ಆದರೆ ವೈದ್ಯರು ಅದಕ್ಕೆ ಹೇಳಿದ ಉತ್ತರ ಎಲ್ಲರೂ ಕೇಳತಕ್ಕದ್ದು. ದೂರದಲ್ಲಿರುವವರು ತುರ್ತಿನ ತನಕ ಕಾಯಬಾರದು. ಹಗಲಲ್ಲಿ, ಬಿಸಿಲಲ್ಲಿ, ರೈಲಿನಲ್ಲಿ ಕುಳಿತು ಹೋಗಿ ಮಾಡಿಸಿಕೊಳ್ಳಬಹುದಾದದ್ದನ್ನು ಮಳೆಯ ನಡುರಾತ್ರಿ ಆಂಬುಲೆನ್ಸಿನಲ್ಲಿ ಮಲಗಿ ಮಾಡಿಸಿಕೊಳ್ಳಲು ಹೋಗಬಾರದು. ಪಟ್ಟಣದವನಿಗೆ ಕಾಯುವುದು ಒಂದು ಆಯ್ಕೆ; ನಮಗೆ ಅದು ದುಬಾರಿ.

2023ರ ಜನವರಿಯಲ್ಲಿ ದಕ್ಷಿಣದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಆಯಿತು. ಹಿಂದಿನ ದಿನ ಅಕ್ಕ ಅಲ್ಲಿಯ ವೈದ್ಯೆಯನ್ನು, “ಹೇಗೂ ತೆರೆಯುತ್ತೀರಲ್ಲ, ಆ ಅಂಟನ್ನೂ ಪೂರ್ತಿ ಬಿಡಿಸಿಬಿಡಿ” ಎಂದು ಬೇಡಿಕೊಂಡಳು. ಆಕೆ ನಕ್ಕು, “ಪಿತ್ತಕೋಶಕ್ಕೆ ಅಡ್ಡ ಬಂದದ್ದನ್ನಷ್ಟೇ ಬಿಡಿಸುತ್ತೇನೆ. ಉಳಿದದ್ದು ಇಪ್ಪತ್ತೈದು ವರ್ಷ ನಿಮ್ಮೊಡನೆ ಒಗ್ಗಿಕೊಂಡಿದೆ, ಅದನ್ನು ಕೆಣಕುವುದಿಲ್ಲ” ಎಂದರು. ಹಳೆಯ ಗಾಯದಿಂದ ದೂರವಾಗಿ, ಎಡಪಕ್ಕೆಯ ಅಂಚಿನಲ್ಲಿ ಮೊದಲ ರಂಧ್ರ ಮಾಡಿ ನಳಿಗೆ ಇಳಿಸಿದರಂತೆ. ಎರಡು ಗಂಟೆಯ ಮೇಲೆ ವೈದ್ಯೆ ಹೊರಗೆ ಬಂದು, ಪಿತ್ತಕೋಶದ ಕೊರಳು ಅಂಟಿನಲ್ಲಿ ಹೂತುಹೋಗಿದೆ, ನಾಳಗಳು ಸ್ಪಷ್ಟವಾಗಿ ಬೇರ್ಪಟ್ಟು ಕಾಣುತ್ತಿಲ್ಲ, ಆದುದರಿಂದ ಹೊಟ್ಟೆಯನ್ನು ತೆರೆಯುತ್ತೇವೆ ಎಂದರು. ನನ್ನ ಅಳಿಯ, “ಹಾಗಾದರೆ ಆಪರೇಷನ್ ಫೇಲಾಯಿತೇ?” ಎಂದು ಕೇಳಿಯೇಬಿಟ್ಟ. “ಕಣ್ಣಿಗೆ ಕಾಣದ್ದನ್ನು ನಾನು ಕತ್ತರಿಸುವುದಿಲ್ಲ” ಎಂದಷ್ಟೇ ಹೇಳಿ ಆಕೆ ಒಳಗೆ ಹೋದರು.

ಆ ಮಾತಿನ ತೂಕ ನನಗೆ ತಿಳಿದದ್ದು ಆಮೇಲೆ. ಪಿತ್ತಕೋಶದ ನಾಳವೆಂದು ತಿಳಿದು ಯಕೃತ್ತಿನಿಂದ ಬರುವ ಮುಖ್ಯ ಪಿತ್ತನಾಳವನ್ನೇ ಕತ್ತರಿಸಿಬಿಡುವುದು ಈ ಶಸ್ತ್ರಕ್ರಿಯೆಯ ಅತ್ಯಂತ ಭಯಂಕರ ಅಪಾಯ. ಸಾವಿರಕ್ಕೆ ಮೂರು ನಾಲ್ಕು ಮಂದಿಯಲ್ಲಿ ಅದು ಆಗುತ್ತದೆಂದು ಹೇಳುತ್ತಾರೆ. ಆದವನ ಪಾಲಿಗೆ ಬದುಕೇ ಬದಲಾಗುತ್ತದೆ. ಸಣ್ಣ ರಂಧ್ರದಿಂದ ತೊಡಗಿದ್ದನ್ನು ನಡುವೆ ನಿಲ್ಲಿಸಿ ದೊಡ್ಡದಾಗಿ ತೆರೆಯುವುದು ಸೋಲಲ್ಲ, ವಿವೇಕ. ಅಕ್ಕ ಒಂಬತ್ತು ದಿನ ಅಲ್ಲಿದ್ದು ಮನೆಗೆ ಬಂದಳು. ಬಲಪಕ್ಕೆಯ ಆ ನೋವು ಮರಳಲಿಲ್ಲ. ಬಗ್ಗಿ ಹೆಡಿಗೆ ಎತ್ತುವಾಗ ಹಳೆಯ ಅಂಟು ಈಗಲೂ ಒಮ್ಮೊಮ್ಮೆ ಜಗ್ಗುತ್ತದೆಯಂತೆ. ಸ್ವಲ್ಪ ಸ್ವಲ್ಪವಾಗಿ ನಾಲ್ಕು ಹೊತ್ತು ಉಣ್ಣುವುದನ್ನು ಆಕೆ ರೂಢಿಸಿಕೊಂಡಿದ್ದಾಳೆ.

ಇಂಥ ಪ್ರಯಾಣಕ್ಕೆ ಹೊರಡುವವರಿಗೆ ಉಪಯೋಗವಾದೀತೆಂದು ಕೆಲವು ಮಾತು. ಹಳೆಯ ಶಸ್ತ್ರಕ್ರಿಯೆಯ ಕಾಗದಗಳನ್ನು ಎಸೆಯಬೇಡಿ. ನಾವು ಜಮೀನಿನ ಪಹಣಿಯನ್ನು ಮೂರು ತಲೆಮಾರು ಕಾಪಾಡುತ್ತೇವೆ. ಹೊಟ್ಟೆಯ ಪಹಣಿಯನ್ನು ಮಾತ್ರ ಗೆದ್ದಲಿಗೆ ಬಿಡುತ್ತೇವೆ. ಅಕ್ಕ ಆ ಎರಡು ಡಿಸ್ಚಾರ್ಜ್ ಕಾಗದಗಳನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದುದರಿಂದಲೇ ಕುಮಟೆಯ ವೈದ್ಯರಿಗೆ ಒಳಗಿನ ಸ್ಥಿತಿಯ ಊಹೆ ಸಿಕ್ಕಿತು. ಬಡವರಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿದೆ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುವುದರಿಂದ ಹೊರಡುವ ಮುಂಚೆಯೇ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಕಾಯಬಾರದ ಲಕ್ಷಣಗಳೂ ಇವೆ. ಕಣ್ಣು ಹಳದಿಯಾದರೆ, ನೋವಿನೊಡನೆ ನಡುಕದ ಜ್ವರ ಬಂದರೆ ಕಲ್ಲು ನಾಳಕ್ಕೆ ಜಾರಿರಬಹುದು. ಹಿಂದೆ ಶಸ್ತ್ರಕ್ರಿಯೆಯಾದವರಿಗೆ ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲವೂ ವಾಯುವೂ ನಿಂತರೆ ಕರುಳಿನ ದಾರಿ ಕಟ್ಟಿರಬಹುದು. ಆಗ ಕಷಾಯವಲ್ಲ, ಹತ್ತಿರದ ಆಸ್ಪತ್ರೆ. ಅಲ್ಲಿಂದ ಮುಂದಿನದನ್ನು ಅವರು ಹೇಳುತ್ತಾರೆ.

ಕೊನೆಯದಾಗಿ ಒಂದು ಮಾತು. ನಮ್ಮ ಕಡೆ ದೊಡ್ಡ ಆಸ್ಪತ್ರೆ ಬೇಕೆಂದಾಗ ಜನರ ಕಣ್ಣ ಮುಂದೆ ಎತ್ತರದ ಕಟ್ಟಡವೊಂದು ನಿಲ್ಲುತ್ತದೆ. ಕುಮಟೆಯ ಆ ವೈದ್ಯರು ಕೇಳಿದ್ದು ಕಟ್ಟಡವನ್ನಲ್ಲ. ಕರೆದರೆ ಬರುವ ಇನ್ನೊಬ್ಬ ಸರ್ಜನ್, ನಡುರಾತ್ರಿಯ ರಕ್ತ, ನಾಲ್ಕು ದಿನ ಎಚ್ಚರದಿಂದ ಕಾಯುವ ದಾದಿಯರು, ಇಷ್ಟೇ ಅವರು ಕೇಳಿದ್ದು. ಶಸ್ತ್ರಕ್ರಿಯೆ ಎಲ್ಲಿ ಆಗಬೇಕೆಂಬುದನ್ನು ರೋಗಿಯ ಹೊಟ್ಟೆಯ ಚರಿತ್ರೆ ತೀರ್ಮಾನಿಸಬೇಕು. ನಮ್ಮಲ್ಲಿ ಅದನ್ನು ಬಹುಕಾಲದಿಂದ ಹೆದ್ದಾರಿಯ ಮೈಲಿಗಲ್ಲುಗಳು ತೀರ್ಮಾನಿಸುತ್ತಿವೆ. ಪಿತ್ತಕೋಶದ ಕಲ್ಲಿಗೆ 1882ರಲ್ಲೇ ಮದ್ದು ಸಿಕ್ಕಿತು. ಈ ಮೈಲಿಗಲ್ಲುಗಳನ್ನು ನಿವಾರಿಸುವ ಕೆಲಸ ಇನ್ನೂ ನಮ್ಮ ಮುಂದಿದೆ.